ವರ್ತನಾ ಅರ್ಥಶಾಸ್ತ್ರ ತಗೊಳ್ಳಲಾ, ಎಕನಾಮೆಟ್ರಿಕ್ಸ್ ತಗೊಳ್ಳಲಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಚಿಂತಾಮಣಿ ಕಡೆಯ ಹಳ್ಳಿಯವಳು. ಡಿಗ್ರಿವರೆಗೂ ಕನ್ನಡ ಮಾಧ್ಯಮ. ಈಗ ಕೋಲಾರದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಮುಂದಿನ ಸೆಮಿಸ್ಟರ್‌ಗೆ ‘ವರ್ತನಾ ಅರ್ಥಶಾಸ್ತ್ರ ಮತ್ತು ಮನಃಶಾಸ್ತ್ರ’ ಅಥವಾ ‘ಎಕನಾಮೆಟ್ರಿಕ್ಸ್’, ಎರಡರಲ್ಲಿ ಒಂದು ಪೇಪರ್ ಆರಿಸಿಕೊಳ್ಳಬೇಕು. ನನಗೆ ಮೊದಲನೆಯದರ ಮೇಲೆ ಆಸೆ. ಕಾರಣ ಮನೆಯಲ್ಲೇ ಇದೆ. ಅಪ್ಪ ಟೊಮೆಟೊ ಬೆಳೆಯುತ್ತಾರೆ. ಎರಡು ಬೋರ್‌ವೆಲ್ ಫೇಲ್ ಆದ ಮೇಲೂ ಮೂರನೆಯದಕ್ಕೆ ಸಾಲ ಹುಡುಕುತ್ತಿದ್ದಾರೆ. ಅಣ್ಣ ಫೋನಿನಲ್ಲಿ ಆಪ್ಷನ್ ಟ್ರೇಡಿಂಗ್ (ಷೇರಿನ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಅನ್ನುವುದರ ಮೇಲೆ ದುಡ್ಡು ಹಾಕುವುದು) ಮಾಡಿ ದುಡ್ಡು ಕಳೆಯುತ್ತಿದ್ದಾನೆ, ಆದರೂ ನಿಲ್ಲಿಸುತ್ತಿಲ್ಲ. ಈ ಪೇಪರ್ ಓದಿದರೆ ಇವರನ್ನು ತಿದ್ದಬಹುದಾ? ಮನಃಶಾಸ್ತ್ರ ಓದಿಲ್ಲ. ಗಣಿತ ಅಷ್ಟಕ್ಕಷ್ಟೇ. ಇದರಿಂದ ಕೆಲಸ ಸಿಗುತ್ತಾ?

ಉತ್ತರ: ನಮಸ್ಕಾರ. ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ತರಗತಿಯಲ್ಲಿ ಎಕನಾಮೆಟ್ರಿಕ್ಸ್, ಅಂದರೆ ಆರ್ಥಿಕ ವಿಷಯಗಳನ್ನು ಅಂಕಿಸಂಖ್ಯೆಯಿಂದ ಅಳೆದು ನೋಡುವುದನ್ನು ಕಲಿಸುವ ಪೇಪರ್ ತಗೊಳ್ಳಿ. ಹಾಗಂತ ವರ್ತನಾ ಅರ್ಥಶಾಸ್ತ್ರವನ್ನು, ಅಂದರೆ ಜನ ದುಡ್ಡಿನ ತೀರ್ಮಾನಗಳನ್ನು ನಿಜದಲ್ಲಿ ಹೇಗೆ ತಗೊಳ್ಳುತ್ತಾರೆ ಅಂತ ಮನಃಶಾಸ್ತ್ರದ ಕಣ್ಣಿನಿಂದ ನೋಡುವ ವಿಷಯವನ್ನು ಬಿಡಬೇಡಿ, ಅದನ್ನು ಇದೇ ವರ್ಷ ಹೊರಗಿನಿಂದ ಓದಿಕೊಳ್ಳಿ. ಒಂದೇ ಒಂದು ಸಂದರ್ಭದಲ್ಲಿ ಈ ಸಲಹೆ ಉಲ್ಟಾ ಆಗುತ್ತದೆ. ಅದು ಯಾವಾಗ ಅಂತ ಮುಂದೆ ಬರೆದಿದ್ದೇನೆ.

ನಾನು ವರ್ತನಾ ಅರ್ಥಶಾಸ್ತ್ರವನ್ನೇ ಪಾಠ ಮಾಡುವವಳು. ಈ ವಿಷಯದ ಮೇಲೆ ನನಗೆ ತುಂಬಾ ಪ್ರೀತಿ. ಹಾಗಿದ್ದೂ ಇನ್ನೊಂದು ಪೇಪರ್ ತಗೊಳ್ಳಿ ಅನ್ನುತ್ತಿದ್ದೇನೆ. ಯಾಕೆ ಅನ್ನುವುದನ್ನು ನಿಮ್ಮ ಅಪ್ಪನ ಬೋರ್‌ವೆಲ್, ನಿಮ್ಮ ಅಣ್ಣನ ಟ್ರೇಡಿಂಗ್ ಇಟ್ಟುಕೊಂಡೇ ಹೇಳುತ್ತೇನೆ.

ನೀವು ಇಲ್ಲಿಯವರೆಗೆ ಓದಿದ ಪಠ್ಯದಲ್ಲಿ ಮನುಷ್ಯ ಎಲ್ಲವನ್ನೂ ಲೆಕ್ಕ ಹಾಕಿ, ತನಗೆ ಯಾವುದು ಒಳ್ಳೆಯದೋ ಅದನ್ನೇ ಆರಿಸುತ್ತಾನೆ. ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ಇದನ್ನು ಪ್ರಶ್ನಿಸಿದರು. ಮನುಷ್ಯನ ಗಮನ, ನೆನಪು, ಸಮಯ ಎಲ್ಲಕ್ಕೂ ಮಿತಿ ಇದೆ, ಸಾಕು ಅನ್ನಿಸುವಷ್ಟು ಸಿಕ್ಕರೆ ಹುಡುಕುವುದನ್ನು ನಿಲ್ಲಿಸುತ್ತಾನೆ ಅಂದರು. ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆಮೇಲೆ ಬಂದವರು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ. ಇಬ್ಬರೂ ಮನಃಶಾಸ್ತ್ರಜ್ಞರು. 1979ರಲ್ಲಿ ‘ಎಕನಾಮೆಟ್ರಿಕಾ’ ಪತ್ರಿಕೆಯಲ್ಲಿ ಅವರು ಬರೆದ ಪ್ರಾಸ್ಪೆಕ್ಟ್ ಸಿದ್ಧಾಂತದ (ಲಾಭ ಎದುರಿದ್ದಾಗ ಮತ್ತು ನಷ್ಟ ಎದುರಿದ್ದಾಗ ಮನುಷ್ಯ ಬೇರೆ ಬೇರೆ ಥರ ತೀರ್ಮಾನ ಮಾಡುತ್ತಾನೆ ಅನ್ನುವ ಸಿದ್ಧಾಂತ) ಲೇಖನವೇ ಈ ವಿಷಯದ ಬುಡ. ಕಾನೆಮನ್‌ಗೆ 2002ರಲ್ಲಿ ನೊಬೆಲ್ ಬಂತು. ಟ್ವರ್ಸ್ಕಿ 1996ರಲ್ಲೇ ತೀರಿಕೊಂಡಿದ್ದರು. 2017ರಲ್ಲಿ ಇದೇ ವಿಷಯದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್‌ಗೆ ಬಂತು. ಇಷ್ಟು ಚರಿತ್ರೆ ಸದ್ಯಕ್ಕೆ ಸಾಕು.

ಈಗ ಅಪ್ಪನ ಬೋರ್‌ವೆಲ್ ವಿಷಯಕ್ಕೆ ಬರೋಣ.

1979ರ ಆ ಲೇಖನದಲ್ಲಿ ಒಂದು ಪ್ರಶ್ನೆ ಇದೆ. ಖಚಿತವಾಗಿ 3,000 ಸಿಗುತ್ತದೆ. ಇಲ್ಲವೇ ನೂರಕ್ಕೆ 80 ಭಾಗ ಸಾಧ್ಯತೆಯಲ್ಲಿ 4,000 ಸಿಗುತ್ತದೆ, 20 ಭಾಗ ಏನೂ ಸಿಗುವುದಿಲ್ಲ. ಯಾವುದು ಬೇಕು? ಉತ್ತರ ಕೊಟ್ಟವರಲ್ಲಿ ಶೇ 80 ಮಂದಿ ಖಚಿತವಾದ 3,000 ಸಾಕು ಅಂದರು. ಅದೇ ಪ್ರಶ್ನೆಯನ್ನು ನಷ್ಟಕ್ಕೆ ತಿರುಗಿಸಿದರು. ಖಚಿತವಾಗಿ 3,000 ಕಳೆದುಕೊಳ್ಳುತ್ತೀರಿ. ಇಲ್ಲವೇ 80 ಭಾಗ ಸಾಧ್ಯತೆಯಲ್ಲಿ 4,000 ಹೋಗುತ್ತದೆ, 20 ಭಾಗ ಏನೂ ಹೋಗುವುದಿಲ್ಲ. ಈಗ ಶೇ 92 ಮಂದಿ ಜೂಜಿನ ಕಡೆ ವಾಲಿದರು. ಲೆಕ್ಕ ಹಾಕಿ ನೋಡಿ. ಜೂಜಿನಲ್ಲಿ ಸರಾಸರಿ ನಷ್ಟ 3,200. ಖಚಿತ ನಷ್ಟಕ್ಕಿಂತ ಅದೇ ಜಾಸ್ತಿ. ಆದರೂ ಜನ ಅದನ್ನೇ ಹಿಡಿದರು. ಲಾಭದಲ್ಲಿದ್ದಾಗ ಹುಷಾರಾಗಿರುವ ಮನುಷ್ಯ, ನಷ್ಟದ ಗುಂಡಿಯಲ್ಲಿ ನಿಂತಾಗ ಅಪಾಯಕ್ಕೆ ಕೈ ಹಾಕುತ್ತಾನೆ. ಇಪ್ಪತ್ತು ಭಾಗದ ಆ ಸಣ್ಣ ಆಸೆ, ಎಲ್ಲ ಸರಿಹೋಗಿಬಿಡಬಹುದು ಅನ್ನುವ ಆಸೆ, ಅಷ್ಟು ಬಲವಾಗಿರುತ್ತದೆ.

ಇದರ ಜೊತೆಗೆ ಇನ್ನೊಂದು. ಹಾಕಿದ ದುಡ್ಡಿನ ಮೋಹ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಅನ್ನುವ ಇಬ್ಬರು ಅಮೆರಿಕದ ಒಹಾಯೊದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಟಕದ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ರಿಯಾಯಿತಿ. ಯಾರಿಗೆ ಏನು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದು. ಪೂರ್ತಿ ಬೆಲೆ ಕೊಟ್ಟವರು ಸೀಸನ್‌ನ ಮೊದಲ ಅರ್ಧದಲ್ಲಿ ಜಾಸ್ತಿ ನಾಟಕ ನೋಡಿದರು. ನಾಟಕ ಎಲ್ಲರಿಗೂ ಒಂದೇ. ದುಡ್ಡು ಎಲ್ಲರದ್ದೂ ಹೋಗಿಯಾಗಿದೆ. ಆದರೂ ಕೊಟ್ಟ ಬೆಲೆ ಕಾಲನ್ನು ಎಳೆಯಿತು.

ಇಷ್ಟು ಓದಿದ ಕೂಡಲೇ ನಿಮ್ಮ ಮನಸ್ಸಿನಲ್ಲಿ ಒಂದು ತೀರ್ಪು ಬಂದಿರುತ್ತದೆ. ‘ಸರಿ, ಅಪ್ಪನಿಗೆ ಆಗಿರುವುದು ಇದೇ’ ಅಂತ. ಇಲ್ಲೇ ನಿಲ್ಲಬೇಕು. ಈ ವಿಷಯ ಓದುವ ಮಕ್ಕಳಲ್ಲಿ ನನಗೆ ತುಂಬಾ ಕಳವಳ ಹುಟ್ಟಿಸುವ ಗಳಿಗೆ ಇದು. ಒಂದು ಹೆಸರು ಕಲಿತ ತಕ್ಷಣ ಅದನ್ನು ಮನೆಯವರ ಮೇಲೆ, ಊರಿನವರ ಮೇಲೆ ಅಂಟಿಸಲು ಶುರು ಮಾಡುತ್ತಾರೆ.

ಅಪ್ಪನ ಜಾಗದಲ್ಲಿ ನಿಂತು ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಅಂತರ್ಜಲ ಅತಿಯಾಗಿ ಬಳಕೆಯಾದ ಪ್ರದೇಶ ಅಂತ ಕೇಂದ್ರ ಅಂತರ್ಜಲ ಮಂಡಳಿಯೇ ಹೇಳಿದೆ. ಸಾವಿರ ಅಡಿ ದಾಟಿ ಕೊರೆಯುವುದು ಇಲ್ಲಿ ಮಾಮೂಲು. ನೀರಿಲ್ಲದಿದ್ದರೆ ಜಮೀನಿನಿಂದ ಬರುವುದು ಮಳೆಗಾಲದ ರಾಗಿ, ಅವರೆ ಅಷ್ಟೇ. ಹಳೆಯ ಎರಡು ಬೋರ್‌ಗಳ ಸಾಲ ರಾಗಿ ಮಾರಿ ತೀರುವಂಥದ್ದಲ್ಲ. ತೀರಬೇಕಾದರೆ ತರಕಾರಿ ಬೆಳೆಯಬೇಕು, ತರಕಾರಿಗೆ ನೀರು ಬೇಕು. ಅಂದರೆ ಮೂರನೇ ಬೋರ್ ಬರೀ ಮನಸ್ಸಿನ ಮೋಹ ಅಲ್ಲದೆಯೂ ಇರಬಹುದು. ಇರುವ ದಾರಿಗಳಲ್ಲಿ ಅದೇ ಒಳ್ಳೆಯದು ಇರಬಹುದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ಥರ ನೀರು ತುಂಬಿಸುವ ಕೆರೆ ನಿಮ್ಮೂರಿನ ಹತ್ತಿರ ಇದ್ದರೆ ಲೆಕ್ಕವೇ ಬೇರೆ.

ಹಾಗಾದರೆ ಮೋಹವೋ ಲೆಕ್ಕವೋ ಅಂತ ತಿಳಿಯುವುದು ಹೇಗೆ? ಒಂದು ಪ್ರಶ್ನೆ ಕೇಳಿ ನೋಡಬಹುದು. ‘ಅಪ್ಪಾ, ಈ ಜಮೀನು ಇವತ್ತೇ ನಮ್ಮ ಕೈಗೆ ಬಂತು ಅಂದುಕೊಳ್ಳಿ. ಆ ಎರಡು ಬೋರ್ ಹಿಂದಿನ ಮಾಲೀಕರು ಕೊರೆಸಿದ್ದು. ಆಗಲೂ ನೀವು ಸಾಲ ಮಾಡಿ ಕೊರೆಸುತ್ತಿದ್ರಾ?’ ಅವರು ಯೋಚಿಸಿ, ಅಕ್ಕಪಕ್ಕದವರ ನೀರು, ಕೆರೆಯ ದೂರ, ಬಂಡೆ ಎಷ್ಟು ಅಡಿಗೆ ಸಿಕ್ಕಿತ್ತು ಇವೆಲ್ಲ ಹೇಳಿ ‘ಹೌದು’ ಅಂದರೆ ಅದು ಲೆಕ್ಕ. ‘ಅಷ್ಟೊಂದು ಹಾಕಿದ್ದೀವಲ್ಲ’ ಅನ್ನುವುದೊಂದೇ ಕಾರಣ ಆದರೆ ಅದು ಮೋಹ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಬೋರ್‌ಗೆ ಹಾಕಿದ ದುಡ್ಡು ಹೋಯಿತು, ನಿಜ. ಆದರೆ ಆ ಎರಡು ಕುಳಿ ಕೊಟ್ಟ ಮಾಹಿತಿ ಹೋಗಿಲ್ಲ. ನೆಲದಡಿ ಏನಿದೆ ಅಂತ ಅವು ಹೇಳಿವೆ. ಹೋದ ದುಡ್ಡನ್ನು ಮರೆಯಬೇಕು, ಬಂದ ಮಾಹಿತಿಯನ್ನು ಮರೆಯಬಾರದು. ಪರೀಕ್ಷೆಯಲ್ಲಿ ಬಹಳ ಮಂದಿ ಇವೆರಡನ್ನೂ ಒಟ್ಟಿಗೆ ಎಸೆದುಬಿಡುತ್ತಾರೆ.

ಇದನ್ನು ಅಪ್ಪನ ಜೊತೆ ಮಾತಾಡಲು ಯಾವ ಸಮಯ ಒಳ್ಳೆಯದು, ದುಡ್ಡಿನ ಚಿಂತೆ ಇರುವಾಗಲಾ, ಬೆಳೆ ಮಾರಿ ದುಡ್ಡು ಬಂದ ಮೇಲಾ? 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಒಂದು ಅಧ್ಯಯನ ಬಂತು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತಿತರರು ಮಾಡಿದ್ದು. 464 ರೈತರು. ಅದೇ ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಕೊಟ್ಟರು. ದುಡ್ಡಿನ ಬಿಕ್ಕಟ್ಟಿನಲ್ಲಿ ಇದ್ದಾಗ ಅದೇ ಮನುಷ್ಯ ಕಡಿಮೆ ಅಂಕ ಪಡೆದ. ದುಡ್ಡಿನ ಚಿಂತೆಯೇ ತಲೆಯ ಜಾಗವನ್ನು ತಿಂದುಹಾಕುತ್ತದೆ ಅಂತ ಅವರ ವಾದ. ಓದಿದವರ ಮನಸ್ಸಿಗೆ ನಾಟುವ ಮಾತು, ಅಲ್ವಾ?

ಆದರೆ 2016ರಲ್ಲಿ ಅಮೆರಿಕದ ಬಡ ಕುಟುಂಬಗಳ ಮೇಲೆ ಇನ್ನೊಂದು ಅಧ್ಯಯನ ಬಂತು. ಸಂಬಳಕ್ಕೆ ಮುಂಚೆ, ಸಂಬಳದ ನಂತರ ಹೋಲಿಸಿದರು. ಬುದ್ಧಿಯ ಪರೀಕ್ಷೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈಗ ಯಾರದ್ದು ಸರಿ? ಕಟಾವಿಗೆ ಕಾಯುವುದು ತಿಂಗಳುಗಟ್ಟಲೆಯ ಬಿಕ್ಕಟ್ಟು, ಸಂಬಳಕ್ಕೆ ಕಾಯುವುದು ಕೆಲವೇ ದಿನದ್ದು. ಅದಕ್ಕೇ ಬೇರೆ ಬೇರೆ ಬಂತಾ? ಅಥವಾ ರೈತರು ಎರಡನೇ ಸಲ ಅದೇ ಪರೀಕ್ಷೆ ಬರೆದು ಪಳಗಿದ್ದರಿಂದ ಅಂಕ ಏರಿತಾ? ಇದಕ್ಕೆ ಉತ್ತರ ಹುಡುಕುವುದು ಅಂಕಿಸಂಖ್ಯೆಯ ಕೆಲಸ. ಯಾರನ್ನು ಯಾರ ಜೊತೆ ಹೋಲಿಸಿದರು, ಹೋಲಿಕೆ ನ್ಯಾಯವಾಗಿದೆಯಾ, ವ್ಯತ್ಯಾಸ ಆಕಸ್ಮಿಕವಾ ಅನ್ನುವುದನ್ನು ಕಲಿಸುವುದೇ ಎಕನಾಮೆಟ್ರಿಕ್ಸ್. ಅದಿಲ್ಲದೆ ವರ್ತನಾ ಅರ್ಥಶಾಸ್ತ್ರ ಓದಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಚೆಂದದ ಕಥೆಗಳು ಮಾತ್ರ. ಯಾವ ಕಥೆ ನಂಬಬೇಕು ಅಂತ ತಿಳಿಯುವುದಿಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ. 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿದವು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ‘ಫಲಿತಾಂಶ ಬಂದಿದೆ’ ಅಂದಿದ್ದವು. ಎರಡನೇ ಸಲ ಹಾಗೆ ಬಂದಿದ್ದು ಶೇ 36 ಮಾತ್ರ. ಅರ್ಥಶಾಸ್ತ್ರದ 18 ಪ್ರಯೋಗಗಳನ್ನು ಮತ್ತೆ ಮಾಡಿದ ಫಲಿತಾಂಶ 2016ರಲ್ಲಿ ಬಂತು, ಅದರಲ್ಲಿ 11 ನಿಂತವು. ಪ್ರಾಮಾಣಿಕತೆಯ ಬಗ್ಗೆಯೇ 2012ರಲ್ಲಿ ಬಂದ ಒಂದು ಹೆಸರಾಂತ ಲೇಖನವನ್ನು, ಅದರ ದತ್ತಾಂಶ ನಂಬುವಂಥದ್ದಲ್ಲ ಅಂತ ಗೊತ್ತಾಗಿ 2021ರಲ್ಲಿ ಹಿಂದಕ್ಕೆ ತಗೊಂಡರು. ಇನ್ನು ‘ನಡ್ಜ್’ ಅಂತ ಕರೆಯುತ್ತಾರಲ್ಲ, ಜನರನ್ನು ಒತ್ತಾಯ ಮಾಡದೆ ಮೆಲ್ಲಗೆ ಒಂದು ಕಡೆ ತಿರುಗಿಸುವ ಉಪಾಯ, ಅದರ ಲೆಕ್ಕವನ್ನೂ ನೋಡಿ. 2022ರಲ್ಲಿ ಡೆಲ್ಲಾವಿನ್ಯಾ ಮತ್ತು ಲೀನೋಸ್ ಪ್ರಕಟಿಸಿದ ಹೋಲಿಕೆ ಇದೆ. ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದ ನಡ್ಜ್‌ಗಳು ಸರಾಸರಿ 8.7 ಶೇಕಡಾ ಅಂಶ (ಅಂದರೆ ನೂರು ಜನರಲ್ಲಿ ಸುಮಾರು 9 ಮಂದಿಯಷ್ಟು) ಬದಲಾವಣೆ ತಂದಿದ್ದವು. ಅಮೆರಿಕದಲ್ಲಿ ಸರ್ಕಾರಗಳ ಜೊತೆ ಸೇರಿ ನಡ್ಜ್ ಘಟಕಗಳು ಮಾಡಿದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದರೆ ಬದಲಾವಣೆ 1.4 ಮಾತ್ರ. ಚೆನ್ನಾಗಿ ಫಲಿತಾಂಶ ಬಂದಿದ್ದಷ್ಟೇ ಪತ್ರಿಕೆಯಲ್ಲಿ ಅಚ್ಚಾಗುತ್ತದೆ ಅನ್ನುವುದು ಈ ಅಂತರಕ್ಕೆ ದೊಡ್ಡ ಕಾರಣ.

ಹಾಗಂತ ಈ ವಿಷಯ ಪೊಳ್ಳು ಅಂದುಕೊಳ್ಳಬೇಡಿ. 1979ರ ಆ ಪ್ರಶ್ನೆಗಳನ್ನೇ 19 ದೇಶಗಳಲ್ಲಿ ಮತ್ತೆ ಕೇಳಿದ ಅಧ್ಯಯನ 2020ರಲ್ಲಿ ಬಂತು. ಮುಖ್ಯ ಫಲಿತಾಂಶಗಳು ಬಹುಪಾಲು ನಿಂತವು. ಗಟ್ಟಿಕಾಳು ಇದೆ. ಜಳ್ಳೂ ಇದೆ. ಕೇರುವುದನ್ನು ಕಲಿಯಬೇಕು ಅಷ್ಟೇ.

ಈಗ ಅಣ್ಣನ ವಿಷಯ. ಇದರ ಬಗ್ಗೆ ನನಗೆ ನಿಮ್ಮ ಅಪ್ಪನ ವಿಷಯಕ್ಕಿಂತ ಜಾಸ್ತಿ ಚಿಂತೆ. ಯಾಕೆಂದರೆ ಇಲ್ಲಿ ಅಂಕಿ ತುಂಬಾ ಸ್ಪಷ್ಟ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಹೊರತಂದಿತು. 2021–22ರಿಂದ 2023–24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಚಿಕ್ಕದಾಗಿ ಎಫ್ ಅಂಡ್ ಓ) ಆಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ. ಖರ್ಚೂ ಸೇರಿ ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ. ಒಟ್ಟು 1.8 ಲಕ್ಷ ಕೋಟಿಗಿಂತ ಜಾಸ್ತಿ.

ನಿಮ್ಮ ಅಣ್ಣನಿಗೆ ಈ ಅಂಕಿ ತೋರಿಸಿದರೆ ನಿಲ್ಲಿಸುತ್ತಾರಾ? ಬಹುಶಃ ಇಲ್ಲ. ‘ನಾನು ಆ ಏಳು ಜನರಲ್ಲಿ ಒಬ್ಬ ಆಗ್ತೀನಿ’ ಅನ್ನುತ್ತಾರೆ. ಅತಿಯಾದ ಆತ್ಮವಿಶ್ವಾಸದ ಸ್ವಭಾವವೇ ಹಾಗೆ. ಬಾರ್ಬರ್ ಮತ್ತು ಓಡೀನ್ ಅಮೆರಿಕದ 66,465 ಕುಟುಂಬಗಳ ಷೇರು ಖಾತೆಗಳನ್ನು 1991ರಿಂದ 1996ರವರೆಗೆ ನೋಡಿದರು. ಮಾರುಕಟ್ಟೆ ವರ್ಷಕ್ಕೆ ಶೇ 17.9 ಕೊಟ್ಟಿತ್ತು. ಅತಿ ಹೆಚ್ಚು ಕೊಂಡು ಮಾರಿದವರಿಗೆ ಸಿಕ್ಕಿದ್ದು 11.4. ಹೆಚ್ಚು ಓಡಾಡಿದಷ್ಟೂ ಕಳೆದರು. ಇದು ಗೊತ್ತಿದ್ದರೆ ಮನುಷ್ಯ ಬದಲಾಗುತ್ತಾನೆ ಅಂತಲೂ ಇಲ್ಲ. ಕಾನೆಮನ್ ಅವರೇ ಬರೆದಿದ್ದಾರೆ, ಜೀವನವಿಡೀ ಇದನ್ನು ಓದಿದರೂ ತಮ್ಮ ಸಹಜ ಬುದ್ಧಿ ಅಷ್ಟೇನೂ ಸುಧಾರಿಸಲಿಲ್ಲ ಅಂತ.

ಹಾಗಾಗಿ ‘ತಿದ್ದಬಹುದಾ’ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ: ಬುದ್ಧಿ ಹೇಳಿ ತಿದ್ದಲು ಆಗುವುದಿಲ್ಲ. ಸುತ್ತಲಿನ ವ್ಯವಸ್ಥೆಯನ್ನು ಬದಲಾಯಿಸಬಹುದು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಮೈಸೂರಿನಲ್ಲಿ ಡೇಟಾ ಎಂಟ್ರಿ ಕೆಲಸಗಾರರ ಜೊತೆ ಒಂದು ವರ್ಷ ನಡೆದ ಪ್ರಯೋಗ ಇದೆ. ಸುಪ್ರೀತ್ ಕೌರ್, ಮೈಕಲ್ ಕ್ರೆಮರ್, ಮುಲ್ಲೈನಾಥನ್ ಮಾಡಿದ್ದು, 2015ರಲ್ಲಿ ಅಚ್ಚಾಯಿತು. ಕೆಲಸಗಾರರಿಗೆ ಒಂದು ಆಯ್ಕೆ ಕೊಟ್ಟರು. ಇಷ್ಟು ಗುರಿ ಮುಟ್ಟದಿದ್ದರೆ ನಿಮ್ಮ ಕೂಲಿ ಕಡಿತ. ಮುಟ್ಟಿದರೆ ಹೆಚ್ಚಿಗೆ ಏನೂ ಇಲ್ಲ, ಮಾಮೂಲಿ ಕೂಲಿಯೇ. ಬರೀ ದಂಡ ಇರುವ ಒಪ್ಪಂದ. ಯಾರಾದರೂ ಇದನ್ನು ಯಾಕೆ ಆರಿಸುತ್ತಾರೆ? ಆದರೆ ಬಹಳ ಮಂದಿ ತಾವಾಗಿಯೇ ಆರಿಸಿದರು, ಅವರ ಕೆಲಸವೂ ಹೆಚ್ಚಾಯಿತು. ನಾಳೆ ತಾನು ಸೋಮಾರಿ ಆಗುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಇವತ್ತೇ ಕೈ ಕಟ್ಟಿಕೊಂಡರು. ಫಿಲಿಪೀನ್ಸ್‌ನ ಒಂದು ಬ್ಯಾಂಕು, ಗುರಿ ಮುಟ್ಟುವವರೆಗೆ ದುಡ್ಡು ತೆಗೆಯಲು ಬಿಡದ ಉಳಿತಾಯ ಖಾತೆ ಕೊಟ್ಟಾಗ, ಕೇಳಿದವರಲ್ಲಿ ಶೇ 28 ಮಂದಿ ಒಪ್ಪಿದರು ಅಂತ 2006ರ ಅಧ್ಯಯನ ಹೇಳುತ್ತದೆ.

ಇದನ್ನು ಓದುವಾಗ ನಿಮಗೆ ನಿಮ್ಮೂರಿನ ಚೀಟಿ ನೆನಪಾಗಬೇಕು. ತಿಂಗಳಿಗೆ ಇಷ್ಟು ಅಂತ ಕಟ್ಟಬೇಕು. ತಪ್ಪಿಸಿದರೆ ಬೀದಿಯಲ್ಲಿ ಮಾತು. ಬ್ಯಾಂಕಿನ ಆರ್‌.ಡಿ.ಯಲ್ಲಿ ಆ ನಾಚಿಕೆ ಇಲ್ಲ. ಚೀಟಿ ಹಾಕುವ ಹೆಂಗಸರು ಯಾವ ಪಠ್ಯವೂ ಇಲ್ಲದೆ ಕಂಡುಕೊಂಡ ಕೈಕಟ್ಟು ಅದು. ಆದರೆ ಚೀಟಿಗೆ ಇನ್ನೊಂದು ಕೆಲಸವೂ ಇದೆ. ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ತಳ್ಳಿ ಕೂಗಿ ಎತ್ತಿಕೊಳ್ಳಬಹುದು. ಅದು ಸಾಲ ಸಿಗುವ ದಾರಿ, ಅದರಲ್ಲಿ ಮನಸ್ಸಿನ ದೌರ್ಬಲ್ಯದ ಪ್ರಶ್ನೆಯೇ ಇಲ್ಲ. ಜನ ಚೀಟಿ ಹಾಕುವುದು ಯಾವ ಕಾರಣಕ್ಕೆ ಎಷ್ಟು? ಕೋಲಾರದಲ್ಲಿ ಕೂತು ಯಾರಾದರೂ ಇದನ್ನು ಸರಿಯಾಗಿ ಅಳೆದರೆ ಅದು ಒಳ್ಳೆಯ ಪ್ರಬಂಧ ಆಗುತ್ತದೆ.

ಅಣ್ಣನಿಗೆ ಮಾಡಬಹುದಾದದ್ದು ಎರಡು. ಅವರಿಗೆ ಗೆದ್ದ ದಿನಗಳು ನೆನಪಿರುತ್ತವೆ, ಸೋತವು ಮಸುಕಾಗಿರುತ್ತವೆ. ಬ್ರೋಕರ್ ಆ್ಯಪ್‌ನಲ್ಲಿ ತೆರಿಗೆಗಾಗಿ ಇಡೀ ವರ್ಷದ ಲಾಭ–ನಷ್ಟದ ಪಟ್ಟಿ ಸಿಗುತ್ತದೆ. ಶುಲ್ಕವೂ ಸೇರಿರುವ ಆ ಒಂದು ಅಂಕಿಯನ್ನು ಅವರೇ ತೆಗೆದು ನೋಡಲಿ. ನೀವು ಪಕ್ಕದಲ್ಲಿ ಕೂತಿರಿ, ಉಪದೇಶ ಬೇಡ. ಆಮೇಲೆ ಒಪ್ಪಿದರೆ, ಖಾತೆಯಲ್ಲಿ ಎಫ್ ಅಂಡ್ ಓ ವಿಭಾಗವನ್ನೇ ಬಂದ್ ಮಾಡಿಸಲಿ. ಮತ್ತೆ ತೆರೆಯಲು ಆಗುವ ತೊಂದರೆಯೇ ಇಲ್ಲಿ ಸಹಾಯ. ಸಾಲ ಮಾಡಿ ಆಡುತ್ತಿದ್ದರೆ, ನಿದ್ದೆ ಬಿಟ್ಟಿದ್ದರೆ, ಮನೆಯಲ್ಲಿ ಮುಚ್ಚಿಡುತ್ತಿದ್ದರೆ, ಅದು ಪಠ್ಯದ ವಿಷಯ ಮೀರಿದೆ. ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಇಲ್ಲ. ಇದನ್ನು ದಯವಿಟ್ಟು ಮುಂದೂಡಬೇಡಿ.

ಟೊಮೆಟೊ ಬಗ್ಗೆ ಒಂದು ಮಾತು. 2023ರ ಜುಲೈನಲ್ಲಿ ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆ ಥರ ರೇಟ್ ಕಂಡ ಮೇಲೆ ಎಲ್ಲರೂ ಟೊಮೆಟೊ ನಾಟಿ ಮಾಡುತ್ತಾರೆ, ಮುಂದೆ ರೇಟ್ ಬೀಳುತ್ತದೆ. ‘ಕಣ್ಣಿಗೆ ಕಟ್ಟಿದ ಘಟನೆ ತೀರ್ಮಾನವನ್ನು ಎಳೆಯುತ್ತದೆ’ ಅಂತ ಇದಕ್ಕೆ ಮನಃಶಾಸ್ತ್ರದ ವಿವರಣೆ ಕೊಡಬಹುದು. ಆದರೆ ನೀವು ಡಿಗ್ರಿಯಲ್ಲಿ ಓದಿದ ಕಾಬ್‌ವೆಬ್ ಮಾದರಿ, ಅಂದರೆ ಹಿಂದಿನ ಬೆಲೆ ನೋಡಿ ಮುಂದಿನ ಬೆಳೆ ಹಾಕುವುದರಿಂದಲೇ ಬೆಲೆ ಏರಿಳಿಯುತ್ತದೆ ಅನ್ನುವ ಮಾದರಿ, ಇದನ್ನು 1930ರ ದಶಕದಲ್ಲೇ ವಿವರಿಸಿದೆ. ಹಳೆಯ ಅರ್ಥಶಾಸ್ತ್ರ ಸಾಕಾಗುವ ಕಡೆ ಹೊಸದನ್ನು ತರುವ ಅಗತ್ಯ ಇಲ್ಲ. ಮಳೆ ವಿಮೆಯದ್ದೂ ಇದೇ ಕಥೆ. ಪಕ್ಕದ ಆಂಧ್ರದಲ್ಲಿ ಮತ್ತು ಗುಜರಾತಿನಲ್ಲಿ ರೈತರು ಮಳೆ ವಿಮೆ ಯಾಕೆ ಕೊಳ್ಳುವುದಿಲ್ಲ ಅಂತ ಪ್ರಯೋಗ ಮಾಡಿದರು, 2013ರಲ್ಲಿ ಅಚ್ಚಾಯಿತು. ಜಾಹೀರಾತಿನ ಮಾತನ್ನು ಹಾಗೆ ಹೀಗೆ ತಿರುಗಿಸಿದ್ದರಿಂದ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ. ಬೆಲೆ ಇಳಿದಾಗ, ಕೈಯಲ್ಲಿ ಒಂದಿಷ್ಟು ನಗದು ಇದ್ದಾಗ, ಹಳ್ಳಿಯಲ್ಲಿ ನಂಬಿಕೆ ಇರುವವರು ಜೊತೆಗೆ ಬಂದು ಹೇಳಿದಾಗ ಜನ ಕೊಂಡರು. ಬಡವರ ತಲೆ ಸರಿ ಮಾಡಲು ಹೊರಡುವ ಮುಂಚೆ ಅವರ ಜೇಬು ನೋಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ನಿಮಗೆ ಪಾಠ ಮಾಡುವವರು ಇದನ್ನು ಹೇಳದೇ ಇದ್ದರೆ ನೀವೇ ಕೇಳಿ.

ಗಣಿತದ ಭಯಕ್ಕೆ ಬರೋಣ. ಸರಾಸರಿ ನಿರೀಕ್ಷಿತ ಮೌಲ್ಯ ಲೆಕ್ಕ ಹಾಕಲು ಬರಬೇಕು, ಮೇಲೆ ಮಾಡಿದೆವಲ್ಲ, ಅಷ್ಟೇ. ರೇಖೆ ಬಾಗಿದರೆ ಏನರ್ಥ ಅಂತ ಗೊತ್ತಿರಬೇಕು. ಇನ್ನೊಂದು, ಕಾಲದ ಲೆಕ್ಕ. ಇವತ್ತು 1,000 ಬೇಕಾ, ಮುಂದಿನ ವಾರ 1,100 ಬೇಕಾ ಅಂದರೆ ತುಂಬಾ ಮಂದಿ ಇವತ್ತಿನದು ಸಾಕು ಅನ್ನುತ್ತಾರೆ. ಒಂದು ವರ್ಷ ಬಿಟ್ಟು 1,000 ಬೇಕಾ, ಒಂದು ವರ್ಷ ಒಂದು ವಾರ ಬಿಟ್ಟು 1,100 ಬೇಕಾ ಅಂದರೆ ಅವರೇ ಕಾಯುತ್ತೇವೆ ಅನ್ನುತ್ತಾರೆ. ಕಾಯಬೇಕಾದದ್ದು ಎರಡರಲ್ಲೂ ಒಂದೇ ವಾರ. ‘ಈಗ’ ಅನ್ನುವುದಕ್ಕೆ ಮಾತ್ರ ವಿಶೇಷ ತೂಕ. 1997ರಲ್ಲಿ ಡೇವಿಡ್ ಲೈಬ್ಸನ್ ಈ ತೂಕಕ್ಕೆ ಬೀಟಾ ಅಂತ ಒಂದು ಅಕ್ಷರ ಕೊಟ್ಟು ಸಮೀಕರಣ ಬರೆದರು. ಇದು ಅರ್ಥವಾಯಿತಾ? ಹಾಗಾದರೆ ಆ ಸಮೀಕರಣವೂ ಅರ್ಥವಾಗುತ್ತದೆ.

ಮನಃಶಾಸ್ತ್ರ ಓದಿಲ್ಲ ಅನ್ನುವುದು ಅಡ್ಡಿಯೇ ಅಲ್ಲ. ಗಮನ, ನೆನಪು, ಗುಂಪಿನ ಪ್ರಭಾವ, ಈ ಮೂರು ಅಧ್ಯಾಯ ಓದಿಕೊಂಡರೆ ಸಾಕು. ಎರಡು ವಿಷಯಗಳ ಪ್ರಯೋಗ ಪದ್ಧತಿಯಲ್ಲಿರುವ ವ್ಯತ್ಯಾಸ ಮಾತ್ರ ಗಮನಿಸಿ. ಮನಃಶಾಸ್ತ್ರದ ಪ್ರಯೋಗದಲ್ಲಿ ಕೆಲವೊಮ್ಮೆ ನಿಜವಾದ ಉದ್ದೇಶವನ್ನು ಮುಚ್ಚಿಟ್ಟಿರುತ್ತಾರೆ. ಅರ್ಥಶಾಸ್ತ್ರದ ಪ್ರಯೋಗದಲ್ಲಿ ನಿಜವಾದ ದುಡ್ಡು ಕೊಡುತ್ತಾರೆ, ಸುಳ್ಳು ಹೇಳಬಾರದು ಅನ್ನುವುದು ಅಲ್ಲಿನ ನಿಯಮ.

ಹೊರಗಿನಿಂದ ಓದಲು ನಾನು ಮೊದಲು ತೋರಿಸುವುದು ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಪಾಠಗಳ ಜಾಲತಾಣ ಓಪನ್‌ಕೋರ್ಸ್‌ವೇರ್. ಅಲ್ಲಿ ಫ್ರಾಂಕ್ ಶಿಲ್ಬಾಕ್ ಅವರು 2020ರಲ್ಲಿ ಮಾಡಿದ ‘ಸೈಕಾಲಜಿ ಅಂಡ್ ಎಕನಾಮಿಕ್ಸ್’ ಕೋರ್ಸಿನ ಪಾಠಗಳ ವಿಡಿಯೋ ಪೂರ್ತಿ ಉಚಿತ. ಅವರ ಸಂಶೋಧನೆ ನಡೆದಿದ್ದು ನಮ್ಮ ಪಕ್ಕದ ಚೆನ್ನೈನಲ್ಲಿ. ಅವರೂ ಸಂಗಡಿಗರೂ 2021ರಲ್ಲಿ ಪ್ರಕಟಿಸಿದ ನಿದ್ದೆಯ ಅಧ್ಯಯನ ನನಗೆ ಅಚ್ಚುಮೆಚ್ಚು. ಚೆನ್ನೈನ ಕಡಿಮೆ ಆದಾಯದ ಜನರ ರಾತ್ರಿ ನಿದ್ದೆಯನ್ನು ಸುಮಾರು 27 ನಿಮಿಷ ಹೆಚ್ಚಿಸಿದರು. ತಜ್ಞರೆಲ್ಲ ಕೆಲಸ ಸುಧಾರಿಸುತ್ತದೆ ಅಂದುಕೊಂಡಿದ್ದರು. ಸುಧಾರಿಸಲಿಲ್ಲ. ಮಧ್ಯಾಹ್ನ ಕೆಲಸದ ಜಾಗದಲ್ಲೇ ಸಣ್ಣ ನಿದ್ದೆ ಮಾಡಲು ಬಿಟ್ಟಾಗ ಕೆಲಸವೂ ಮನಸ್ಸೂ ಸುಧಾರಿಸಿತು. ನಿರೀಕ್ಷೆ ಸುಳ್ಳಾದದ್ದನ್ನೂ ಹಾಗೇ ಪ್ರಕಟಿಸಿದ್ದಾರೆ. ಒಳ್ಳೆಯ ಸಂಶೋಧನೆಯ ಲಕ್ಷಣ ಅದು. ನಮ್ಮ ದೇಶದ ವಿಷಯಕ್ಕೆ 2018–19ರ ಕೇಂದ್ರದ ಆರ್ಥಿಕ ಸಮೀಕ್ಷೆಯ ಎರಡನೇ ಅಧ್ಯಾಯ ಓದಿ. ಅದು ಪೂರ್ತಿ ನಡ್ಜ್ ಬಗ್ಗೆಯೇ ಇದೆ, ಉಚಿತವಾಗಿ ಸಿಗುತ್ತದೆ. ಈ ಲೇಖನದ ಅಂಕಿಗಳನ್ನು ನೆನಪಿಟ್ಟುಕೊಂಡು ಓದಿದರೆ ಎಲ್ಲಿ ಒಪ್ಪಬೇಕು, ಎಲ್ಲಿ ಪ್ರಶ್ನೆ ಕೇಳಬೇಕು ಅಂತ ನಿಮಗೇ ಹೊಳೆಯುತ್ತದೆ.

ಇಂಗ್ಲಿಷ್ ಕಷ್ಟ ಆಗುತ್ತದೆ. ಆಗಲಿ. ವಿಡಿಯೋಗೆ ಸಬ್‌ಟೈಟಲ್ ಹಾಕಿಕೊಳ್ಳಿ, ನಿಲ್ಲಿಸಿ ನಿಲ್ಲಿಸಿ ನೋಡಿ, ನೋಟ್ಸ್ ಕನ್ನಡದಲ್ಲೇ ಬರೆಯಿರಿ. ಸಂಶೋಧನಾ ಲೇಖನವನ್ನು ಮೊದಲಿಂದ ಕೊನೆವರೆಗೆ ಓದಬೇಕಿಲ್ಲ. ಪೀಠಿಕೆ ಓದಿ, ಕೋಷ್ಟಕ ನೋಡಿ, ‘ಇವರು ಯಾರನ್ನು ಯಾರ ಜೊತೆ ಹೋಲಿಸಿದರು’ ಅಂತ ಒಂದು ವಾಕ್ಯ ಕನ್ನಡದಲ್ಲಿ ಬರೆಯಲು ಬಂದರೆ ಲೇಖನ ಅರ್ಥವಾದ ಹಾಗೆ.

ಕೆಲಸದ ಬಗ್ಗೆ ಇದ್ದದ್ದು ಇದ್ದಂಗೆ ಹೇಳುತ್ತೇನೆ. ‘ವರ್ತನಾ ಅರ್ಥಶಾಸ್ತ್ರಜ್ಞ ಬೇಕಾಗಿದ್ದಾರೆ’ ಅನ್ನುವ ಜಾಹೀರಾತು ಎಂ.ಎ. ಮುಗಿಸಿದವರಿಗೆ ಸಿಗುವುದು ಅಪರೂಪ. ಸಿಗುವುದು ಸಮೀಕ್ಷೆ ಮತ್ತು ಸಂಶೋಧನಾ ಸಹಾಯಕರ ಕೆಲಸ. ಬಡತನದ ಬಗ್ಗೆ ಪ್ರಯೋಗ ಮಾಡುವ ಜೆ–ಪಾಲ್ ದಕ್ಷಿಣ ಏಷ್ಯಾದಂಥ ಸಂಸ್ಥೆಗಳು, ಬೆಂಗಳೂರಿನ ಸಾಮಾಜಿಕ–ಆರ್ಥಿಕ ಸಂಶೋಧನಾ ಸಂಸ್ಥೆ ಐಸೆಕ್, ಬ್ಯಾಂಕು, ಮೈಕ್ರೋಫೈನಾನ್ಸ್, ಆ್ಯಪ್ ಕಂಪನಿಗಳ ಬಳಕೆದಾರರ ಅಧ್ಯಯನ ವಿಭಾಗ. ಇಲ್ಲೆಲ್ಲ ಮೊದಲು ಕೇಳುವುದು ‘ಸ್ಟೇಟಾ ಅಥವಾ ಆರ್ ಬರುತ್ತಾ’ ಅಂತ. ಎರಡೂ ಅಂಕಿಸಂಖ್ಯೆ ವಿಶ್ಲೇಷಿಸುವ ಕಂಪ್ಯೂಟರ್ ತಂತ್ರಾಂಶಗಳು. ಆರ್ ಉಚಿತ, ಎಕನಾಮೆಟ್ರಿಕ್ಸ್ ಜೊತೆಗೇ ಕಲಿಯಬಹುದು. ಇನ್ನೊಂದು ಬಲ ನಿಮಗೆ ಹುಟ್ಟಿನಿಂದಲೇ ಬಂದಿರಬಹುದು. ಚಿಂತಾಮಣಿ ಕಡೆಯವರಿಗೆ ಸಾಮಾನ್ಯವಾಗಿ ಕನ್ನಡವೂ ತೆಲುಗೂ ಬರುತ್ತದೆ. ಎರಡೂ ಭಾಷೆಯಲ್ಲಿ ಹಳ್ಳಿಯವರ ಜೊತೆ ಕೂತು ಮಾತಾಡಿಸಬಲ್ಲವರು, ಅಂಕಿಯನ್ನೂ ಓದಬಲ್ಲವರು ಕಡಿಮೆ. 2010ರಲ್ಲಿ ಬಂದ ಒಂದು ಹೆಸರಾಂತ ವಿಮರ್ಶೆಯ ಪ್ರಕಾರ, ಮನಃಶಾಸ್ತ್ರದ ದೊಡ್ಡ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿ ಇರುವುದು ಲೋಕದ ಶೇ 12 ಜನ. ನಿಮ್ಮೂರಿನವರು ಆ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ.

ಈಗ ಆ ಒಂದು ಸಂದರ್ಭ. ನೋಂದಣಿಗೆ ಮುಂಚೆ ವಿಭಾಗದಲ್ಲಿ ಎರಡೂ ಪೇಪರ್‌ಗಳ ಪಠ್ಯಕ್ರಮದ ಹಾಳೆ ಕೇಳಿ ಪಡೆಯಿರಿ. ವರ್ತನಾ ಅರ್ಥಶಾಸ್ತ್ರದ ಪೇಪರ್‌ನಲ್ಲಿ ವಿದ್ಯಾರ್ಥಿಗಳೇ ಒಂದು ಪ್ರಯೋಗ ಅಥವಾ ಸಮೀಕ್ಷೆ ಮಾಡಿ, ದತ್ತಾಂಶ ವಿಶ್ಲೇಷಿಸಿ, ಬರೆದು ಕೊಡುವ ಕೆಲಸ ಇದೆಯಾ? ಮತ್ತೆ ಮಾಡಿದಾಗ ನಿಲ್ಲದ ಅಧ್ಯಯನಗಳ ಬಗ್ಗೆ ಒಂದು ಘಟಕ ಇದೆಯಾ? ಎರಡೂ ಇದ್ದರೆ ಯೋಚನೆ ಬೇಡ, ಅದನ್ನೇ ತಗೊಳ್ಳಿ. ಅಂಥ ಕಡೆ ಎಕನಾಮೆಟ್ರಿಕ್ಸ್‌ನ ಮುಖ್ಯ ಭಾಗ ಕೈಕೆಲಸದಲ್ಲೇ ಬರುತ್ತದೆ. ಬರೀ ಸಿದ್ಧಾಂತಗಳ ಹೆಸರು, ವ್ಯಾಖ್ಯಾನ, ಮೂರು ಗಂಟೆಯ ಪರೀಕ್ಷೆ ಇದ್ದರೆ ನನ್ನ ಮೊದಲ ಸಲಹೆಯೇ ಉಳಿಯುತ್ತದೆ. ಎಕನಾಮೆಟ್ರಿಕ್ಸ್‌ನಲ್ಲಿ ತಪ್ಪು ಮಾಡಿದಾಗ ಪಕ್ಕದಲ್ಲಿ ತಿದ್ದುವವರು ಬೇಕು, ಒಬ್ಬರೇ ಕೂತು ಕಲಿಯುವುದು ತುಂಬಾ ಕಷ್ಟ.

ಎರಡೂ ಅಂಕಪಟ್ಟಿಯಲ್ಲಿ ಬರುವ ದಾರಿಯೂ ಇದೆ. ಯು.ಜಿ.ಸಿ.ಯ 2021ರ ನಿಯಮದ ಪ್ರಕಾರ, ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣವಾದ ‘ಸ್ವಯಂ’ ಮೂಲಕ ಮಾಡಲು ವಿಶ್ವವಿದ್ಯಾಲಯ ಬಿಡಬಹುದು. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಪ್ರತಿ ಸೆಮಿಸ್ಟರ್ ಪಟ್ಟಿ ಬದಲಾಗುತ್ತದೆ. ಜನವರಿ ಮತ್ತು ಜುಲೈ ಪಟ್ಟಿ ಬಂದಾಗ ವರ್ತನಾ ಅರ್ಥಶಾಸ್ತ್ರ ಅಥವಾ ವರ್ತನಾ ಹಣಕಾಸಿನ ಕೋರ್ಸ್ ಇದೆಯಾ ಹುಡುಕಿ. ಸೇರುವ ಮುಂಚೆಯೇ ವಿಭಾಗದ ಮುಖ್ಯಸ್ಥರಿಂದ ‘ಈ ಕೋರ್ಸಿನ ಕ್ರೆಡಿಟ್ ಒಪ್ಪುತ್ತೇವೆ’ ಅಂತ ಬರಹದಲ್ಲಿ ತಗೊಳ್ಳಿ. ಪರೀಕ್ಷೆ ಮುಗಿದ ಮೇಲೆ ಕೇಳಲು ಹೋದರೆ ಕಚೇರಿಯಲ್ಲಿ ಅಲೆದಾಟ ಆಗುತ್ತದೆ.